ಶಾಲೆಯ ಗೋಡೆಯಿಂದ ನೂರು ಗಜ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ದಕ್ಷಿಣ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಜಿಲ್ಲೆಯ ತಂಬಾಕು ನಿಯಂತ್ರಣ ಸಮನ್ವಯ ಸಮಿತಿಯ ಅಧ್ಯಕ್ಷರು ತಾವೇ ಆಗಿರುವುದರಿಂದ ಈ ಪತ್ರ ತಮಗೆ. ಎಲ್ಲರೂ ಓದುವ ಹಾಗೆ ಬರೆಯಲು ಕಾರಣವೂ ಉಂಟು. ಇದರಲ್ಲಿರುವ ಅರ್ಧ ಮಾತು ತಮ್ಮ ಕಚೇರಿಗಿಂತ ಹೆಚ್ಚಾಗಿ ನಮ್ಮ ಊರಿನ ಅಂಗಡಿಯವರಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ, ನನ್ನಂಥ ಶಿಕ್ಷಕರಿಗೆ ಸೇರಿದ್ದು.

ನಾನು ಮಂಗಳೂರು ತಾಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಶಾಲೆಯ 'ತಂಬಾಕು ಮಾನಿಟರ್' ಎಂಬ ಹೆಚ್ಚುವರಿ ಜವಾಬ್ದಾರಿಯೂ ನನ್ನದೇ. ತಂಬಾಕು ಮುಕ್ತ ಶಾಲೆಯ ಮಾರ್ಗಸೂಚಿ ಬಂದಾಗಿನಿಂದ ಆ ಫೈಲು ನನ್ನ ಕಪಾಟಿನಲ್ಲಿದೆ. ಗೇಟಿನ ಬಳಿ ಫಲಕ ಹಾಕಿಸುವುದು, ಪ್ರತಿಜ್ಞೆ ಬೋಧಿಸುವುದು, ಫೋಟೋ ತೆಗೆದು ಅಪ್‌ಲೋಡ್ ಮಾಡುವುದು, ವರ್ಷಕ್ಕೊಮ್ಮೆ ಅಂಕಪಟ್ಟಿ ತುಂಬುವುದು ಇವೆಲ್ಲ ಅದರಲ್ಲಿ ಬರುತ್ತವೆ. ಇದರ ಬೇಸರ ಏನೆಂದು ನನಗೂ ಗೊತ್ತಿದೆ. ಆದರೂ ಈ ಕಾರ್ಯಕ್ರಮಗಳ ಪರವಾಗಿಯೇ ಬರೆಯುತ್ತಿದ್ದೇನೆ.

ಯಾಕೆಂದರೆ ಇತ್ತೀಚೆಗೆ ಸ್ಟಾಫ್ ರೂಮಿನಲ್ಲಿ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ, ಊರಿನ ಪ್ರಮುಖರ ಬಾಯಲ್ಲಿ ಒಂದೇ ಮಾತು ಕೇಳುತ್ತಿದೆ. "ನಮ್ಮ ಜಿಲ್ಲೆಯ ಮಕ್ಕಳಿಗೆ ಎಂತ ತಂಬಾಕು ಮಾರಾಯ್ರೆ? ಅದೆಲ್ಲ ಬೇರೆ ರಾಜ್ಯದ ಕಥೆ. ಸುಮ್ಮನೆ ಶಾಲೆಗೊಂದು ಕೆಲಸ, ಪಾಪದ ಗೂಡಂಗಡಿಯವರಿಗೊಂದು ಉಪದ್ರ." ಹೀಗೆ ಹೇಳುವವರ ಕೈಯಲ್ಲಿ ಒಂದು ಅಂಕಿಯೂ ಇರುತ್ತದೆ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ತಂಬಾಕು ಬಳಸುವವರ ಪ್ರಮಾಣ ಕರ್ನಾಟಕದಲ್ಲಿ ಶೇ 1.2 ಇತ್ತು. ದೇಶದ ಪ್ರಮಾಣ ಶೇ 8.5. ಅರುಣಾಚಲ, ಮಿಜೋರಾಂಗಳಲ್ಲಿ ಸುಮಾರು ಶೇ 58. ನಮಗಿಂತ ಕಡಿಮೆ ಇದ್ದದ್ದು ಹಿಮಾಚಲದಲ್ಲಿ, ಶೇ 1.1.

ಅಂಕಿ ಸರಿಯಾಗಿದೆ. ಅದರಿಂದ ಅವರು ತೆಗೆಯುವ ತೀರ್ಮಾನ ಸರಿಯಿಲ್ಲ. ಮನೆ ಸೋರುತ್ತಿಲ್ಲವೆಂದು ಮಾಡಿನ ಹಂಚು ತೆಗೆಸುವ ಯೋಚನೆ ಅದು. ಆ 1.2 ತಾನಾಗಿ ಬಂದದ್ದಲ್ಲ. ತಂಬಾಕಿನ ಮಾರಾಟ, ಜಾಹೀರಾತುಗಳಿಗೆ ಕಡಿವಾಣ ಹಾಕುವ 2003ರ ಕೋಟ್ಪಾ ಕಾಯ್ದೆ ಇತ್ತು. 2007–08ರಲ್ಲಿ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಮೊದಲ ಹಂತಕ್ಕೆ ಆಯ್ದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2013ರ ಮೇ ಕೊನೆಯಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. 2016ರಲ್ಲಿ ಇ-ಸಿಗರೇಟನ್ನೂ ನಿಷೇಧಿಸಿತು. ಕೇಂದ್ರ ಆ ಕೆಲಸ ಮಾಡಿದ್ದು ಮೂರು ವರ್ಷದ ನಂತರ. ಸಿಗರೇಟು ಪ್ಯಾಕಿನ ಶೇ 85 ಭಾಗದಲ್ಲಿ ಹುಣ್ಣು ಹಿಡಿದ ಬಾಯಿಯ, ಗಂಟಲಿನ ಚಿತ್ರ ಬಂದದ್ದು 2016ರ ಏಪ್ರಿಲ್‌ನಿಂದ. ದೇಶದ ಮಟ್ಟದಲ್ಲಿ ಇದೇ ವಯಸ್ಸಿನ ಮಕ್ಕಳಲ್ಲಿ 2009ರ ಶೇ 14.6 ಹತ್ತು ವರ್ಷದಲ್ಲಿ ಶೇ 8.5ಕ್ಕೆ ಇಳಿಯಿತು. ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲು ನಾನು ತಜ್ಞೆಯಲ್ಲ. ಎಲ್ಲವನ್ನೂ ಒಟ್ಟಿಗೆ ಮಾಡಿದಾಗ ಇಳಿಯಿತು ಎಂಬುದಷ್ಟೇ ನನ್ನ ವಾದ.

ಅದೇ ಸಮೀಕ್ಷೆಯ ಇನ್ನೊಂದು ಭಾಗವನ್ನು ಯಾರೂ ಸಭೆಯಲ್ಲಿ ಓದುವುದಿಲ್ಲ. ದೇಶದಲ್ಲಿ ಸಿಗರೇಟು ಸೇದಿ ನೋಡಿದ ಮಕ್ಕಳಲ್ಲಿ ಶೇ 38, ಬೀಡಿ ಸೇದಿದವರಲ್ಲಿ ಶೇ 47, ಜಗಿಯುವ ತಂಬಾಕು ಬಳಸಿದವರಲ್ಲಿ ಶೇ 52 ಮಂದಿ ಅದನ್ನು ಮೊದಲು ಮುಟ್ಟಿದ್ದು ಹತ್ತು ವರ್ಷ ತುಂಬುವ ಮೊದಲೇ. ಹತ್ತು ವರ್ಷವೆಂದರೆ ನಾಲ್ಕನೇ ಕ್ಲಾಸು. ಹೈಸ್ಕೂಲಿನಲ್ಲಿ ನಾನು ಪ್ರತಿಜ್ಞೆ ಬೋಧಿಸುವ ಹೊತ್ತಿಗೆ ಕೆಲವರ ಮಟ್ಟಿಗೆ ತಡವಾಗಿರುತ್ತದೆ.

ಇನ್ನು ಕಡಿಮೆ ಅಂಕಿ ಕಂಡು ಮೈಮರೆತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಉದಾಹರಣೆ. ಅಲ್ಲಿ ಮಕ್ಕಳ ಸಿಗರೇಟು ಚಟ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತ್ತು. ಅಷ್ಟರಲ್ಲಿ ಪೆನ್ ಡ್ರೈವಿನಂತೆ ಕಾಣುವ, ಹಣ್ಣಿನ ರುಚಿಯ ವೇಪ್ ಎಂಬ ಇ-ಸಿಗರೇಟು ಬಂತು. ಅಲ್ಲಿಯ ಹೈಸ್ಕೂಲು ಮಕ್ಕಳಲ್ಲಿ ವೇಪ್ ಎಳೆಯುವವರು 2017ರಲ್ಲಿ ಶೇ 11.7 ಇದ್ದರು. ಮರುವರ್ಷ ಶೇ 20.8. ಅದರ ಮರುವರ್ಷ ಶೇ 27.5. ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು! ಆಮೇಲೆ ಸರ್ಕಾರ, ಶಾಲೆ, ನ್ಯಾಯಾಲಯ ಎಲ್ಲವೂ ಎಚ್ಚೆತ್ತು 2024ಕ್ಕೆ ಅದು ಶೇ 7.8ಕ್ಕೆ ಇಳಿಯಿತು. ಇಳಿದದ್ದೇ ತಡ, 2025ರ ಏಪ್ರಿಲ್‌ನಲ್ಲಿ ಅಲ್ಲಿಯ ರೋಗ ನಿಯಂತ್ರಣ ಕೇಂದ್ರದಲ್ಲಿ ಇದನ್ನೇ ನೋಡಿಕೊಳ್ಳುತ್ತಿದ್ದ ಧೂಮಪಾನ ಮತ್ತು ಆರೋಗ್ಯ ವಿಭಾಗದ ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಅವರ ದೇಶ, ಅವರ ತೀರ್ಮಾನ. ನಮ್ಮಲ್ಲಿ ಹಾಗಾಗದಿರಲಿ ಎಂದು ಕೇಳಿಕೊಳ್ಳುವ ಹಕ್ಕು ನನಗಿದೆ. ನಮ್ಮ 1.2 ಕೂಡ 2019ರದ್ದು. ಆಗ ಎಂಟನೇ ಕ್ಲಾಸಿನಲ್ಲಿದ್ದವರು ಈಗ ಕಾಲೇಜಿನಲ್ಲಿದ್ದಾರೆ.

ಈಗ ಗೂಡಂಗಡಿಗೆ ಬರೋಣ.

ನಮ್ಮಲ್ಲಿ ಮಕ್ಕಳು ಪ್ಯಾಕು ಕೊಳ್ಳುವುದಿಲ್ಲ. ಅಷ್ಟು ದುಡ್ಡು ಅವರ ಹತ್ತಿರ ಇರುವುದಿಲ್ಲ, ಕೊಂಡರೆ ಮನೆಯಲ್ಲಿ ಇಡಲು ಜಾಗವೂ ಇಲ್ಲ. ಅವರು ಕೊಳ್ಳುವುದು ಒಂದೇ ಒಂದು ಬಿಡಿ ಸಿಗರೇಟು. ಬಸ್ಸಿಗೆಂದು ಕೊಟ್ಟ ಚಿಲ್ಲರೆ ಸಾಕು. ಅಂಗಡಿಯ ಕಂಬಕ್ಕೆ ದಾರ ಕಟ್ಟಿ ತೂಗುಬಿಟ್ಟ ಲೈಟರ್ ಇರುತ್ತದೆ, ಬೆಂಕಿಪೊಟ್ಟಣವೂ ಬೇಡ. ಬಿಡಿ ಸಿಗರೇಟಿಗೆ ಎಚ್ಚರಿಕೆಯ ಚಿತ್ರವೂ ಇರುವುದಿಲ್ಲ. ಶೇ 85 ಭಾಗದ ಚಿತ್ರಕ್ಕಾಗಿ ಸರ್ಕಾರ ನ್ಯಾಯಾಲಯದವರೆಗೆ ಹೋಗಿ ಹೋರಾಡಿತು. ಆ ಚಿತ್ರ ಅಂಗಡಿಯವನ ಡಬ್ಬಿಯೊಳಗೇ ಉಳಿಯುತ್ತದೆ, ಹುಡುಗನ ಕೈಗೆ ಬರುವುದು ಬರೀ ಬಿಳಿ ಕಡ್ಡಿ. ಆದ್ದರಿಂದ ಬಿಡಿ ಮಾರಾಟದ ನಿಷೇಧ ಸಣ್ಣ ವಿಷಯವಲ್ಲ. ಮಕ್ಕಳ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಅತ್ಯಂತ ಕೆಲಸಕ್ಕೆ ಬರುವ ಸಾಲು ಅದೇ ಎಂದು ನನ್ನ ಅಭಿಪ್ರಾಯ.

ಆ ಸಾಲು ಈಗ ನಮ್ಮ ರಾಜ್ಯದಲ್ಲಿ ಗಟ್ಟಿಯಾಗಿದೆ. ಕರ್ನಾಟಕದ ತಿದ್ದುಪಡಿ ಮಸೂದೆ 2024ರ ಫೆಬ್ರವರಿಯಲ್ಲಿ ವಿಧಾನಸಭೆಯಲ್ಲಿ ಅಂಗೀಕಾರವಾಗಿ, 2025ರ ಮೇನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೆ ಬಂತು. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು. ಬಿಡಿ ಸಿಗರೇಟು ಮಾರುವಂತಿಲ್ಲ. 200 ರೂಪಾಯಿ ಇದ್ದ ದಂಡ 1000 ಆಯಿತು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಒಂದು ಲಕ್ಷದವರೆಗೆ ದಂಡ.

ವಯಸ್ಸು 21 ಆದದ್ದರ ಬೆಲೆ ಮಂಗಳೂರಿನಂಥ ಊರಿನಲ್ಲಿ ಇರುವವರಿಗೇ ಗೊತ್ತಾಗುವುದು. ಇದು ಹಾಸ್ಟೆಲು, ಪಿಜಿಗಳ ಊರು. ದೇರಳಕಟ್ಟೆಯಿಂದ ಸುರತ್ಕಲ್‌ವರೆಗೆ ಎಲ್ಲಿ ನೋಡಿದರೂ ಕಾಲೇಜು. ಹಿಂದೆ ಅಂಗಡಿಯವರು "ಪಿಯುಸಿ ಮುಗಿದಿದೆಯಂತೆ, 18 ಆಗಿದೆಯಂತೆ" ಎಂದು ನುಣುಚಿಕೊಳ್ಳುತ್ತಿದ್ದರು. ಮೀಸೆ ಚಿಗುರಿದವನಿಗೆ ಹದಿನೇಳೋ ಹದಿನೆಂಟೋ ಯಾರಿಗೆ ತಿಳಿಯುತ್ತದೆ? 21 ಅಂದಮೇಲೆ ಬ್ಯಾಗು ಹಾಕಿಕೊಂಡು ಬಂದ ಹೆಚ್ಚಿನವರು ಅದರೊಳಗೆ ಬಂದರು. ಅಣ್ಣನ ಪ್ರಾಯದ ಸೀನಿಯರಿಗೆ ಸುಲಭವಾಗಿ ಸಿಗದಿದ್ದರೆ ತಮ್ಮನ ಪ್ರಾಯದವನ ಕೈಗೂ ಬರುವುದಿಲ್ಲ.

ಆದರೆ ಈ ಬದಲಾವಣೆ ಅಂಗಡಿಯವರಿಗೇ ಗೊತ್ತಿಲ್ಲ. ನಮ್ಮ ಶಾಲೆಯ ಆಚೆಯ ತಿರುವಿನಲ್ಲಿ ಅಂಗಡಿ ಇಟ್ಟಿರುವವರಿಗೆ ನಾನೇ ಹೇಳಿದೆ. ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಇಪ್ಪತ್ತೊಂದಾ? ನಮಗೆ ಯಾರು ಹೇಳಿದ್ದಾರೆ ಟೀಚರ್? ನಾನು ಕೊಡದಿದ್ದರೆ ಆಚೆ ಅಂಗಡಿಯವ ಕೊಡ್ತಾನೆ. ನಮಗೂ ಹೊಟ್ಟೆ ಉಂಟಲ್ಲ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತಿನಲ್ಲೇ ಉತ್ತರವೂ ಇದೆ. ಆಚೆ ಅಂಗಡಿಯವನೂ ಕೊಡದ ಹಾಗೆ ಮಾಡುವುದು ಯಾರ ಕೆಲಸ? ಒಬ್ಬ ಅಂಗಡಿಯವ ಒಳ್ಳೆಯವನಾದರೆ ಅವನ ವ್ಯಾಪಾರ ಹೋಗುತ್ತದೆ, ಅಷ್ಟೇ. ಎಲ್ಲರಿಗೂ ಒಂದೇ ನಿಯಮ ಬಿಗಿಯಾಗಿ ಇದ್ದರೆ ಯಾರ ವ್ಯಾಪಾರವೂ ಇನ್ನೊಬ್ಬರ ಪಾಲಾಗುವುದಿಲ್ಲ. ಪಾಪದವರಿಗೆ ಉಪದ್ರ ಎನ್ನುವವರು ಇದನ್ನು ಯೋಚಿಸಬೇಕು. ಅರೆಬರೆ ಜಾರಿಯೇ ನಿಯತ್ತಿನ ಅಂಗಡಿಯವನಿಗೆ ದೊಡ್ಡ ಉಪದ್ರ.

ಇನ್ನೊಂದು ಕಾನೂನನ್ನು ಅವರಿಗೂ, ನಮ್ಮ ಪೋಷಕರಿಗೂ ಓದಿ ಹೇಳಬೇಕು. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಗುವಿಗೆ ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಗೂಡಂಗಡಿಯ ಅಜ್ಜನೊಬ್ಬನನ್ನು ಏಳು ವರ್ಷ ಒಳಗೆ ಹಾಕಬೇಕೆಂದು ನನಗೆ ಆಸೆಯಿಲ್ಲ. ಆದರೆ ಕೋಟ್ಪಾ ದಂಡವನ್ನು ಬಸ್ ಟಿಕೆಟಿನಂತೆ ನೋಡುವವರಿಗೆ ಇಂಥದ್ದೊಂದು ಕಾನೂನು ಇದೆ ಎಂಬುದು ತಿಳಿದಿರಲಿ.

ಪೋಷಕರಿಗೆ ಯಾಕೆಂದರೆ, ಮಕ್ಕಳನ್ನು ಆ ಅಂಗಡಿಗೆ ಮೊದಲು ಕಳಿಸುವವರು ಅವರೇ. "ಹೋಗಿ ಒಂದು ಕಟ್ಟು ಬೀಡಿ ತಾ, ಉಳಿದದ್ದಕ್ಕೆ ನೀನು ಚಾಕಲೇಟ್ ತೆಗೆದುಕೋ." ನಮ್ಮ ಊರಿನ ಎಷ್ಟು ಮಕ್ಕಳು ಬ್ರ್ಯಾಂಡುಗಳ ಹೆಸರು ಕಲಿತದ್ದು ಹೀಗೆ! ಮಾವ ಜಾತ್ರೆಗೆ ಬಂದಾಗ, ಮನೆಯಲ್ಲಿ ಕೆಲಸದವರಿದ್ದಾಗ, ಗದ್ದೆಯಲ್ಲಿ ನಾಟಿ ನಡೆಯುವಾಗ ಅಂಗಡಿಗೆ ಓಡುವುದು ಚಿಕ್ಕ ಹುಡುಗನೇ. ದೊಡ್ಡವರಿಗಾಗಿ ಎಂದರೂ ಮಗುವಿನ ಕೈಗೆ ತಂಬಾಕು ಮಾರುವುದು ಅಪರಾಧ. ಇನ್ನು ಕೆಲವು ಕಡೆ ಶಾಲೆ ಬಿಟ್ಟ ಮೇಲೆ ಅಪ್ಪನ ಅಂಗಡಿಯಲ್ಲಿ ಕೂರುವುದೇ ಮಗ. ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬ ಅಪ್ಪ ನಕ್ಕರು, ಪಕ್ಕದಲ್ಲಿದ್ದ ಅವರ ಹೆಂಡತಿ ನಗಲಿಲ್ಲ.

ನಗುವವರ ಮಾತು ಬಂದದ್ದಕ್ಕೆ ಗುಲಾಬಿ ಆಂದೋಲನದ ಬಗ್ಗೆಯೂ ಒಂದು ಮಾತು. ಮಕ್ಕಳು ಮೆರವಣಿಗೆಯಲ್ಲಿ ಹೋಗಿ ತಂಬಾಕು ಮಾರುವ ಅಂಗಡಿಯವರಿಗೆ ಗುಲಾಬಿ ಕೊಟ್ಟು "ಮಾರಬೇಡಿ" ಎಂದು ಕೇಳುವ ಈ ಕಾರ್ಯಕ್ರಮವನ್ನು ಫೋಟೋಕ್ಕಾಗಿ ಮಾಡುವ ನಾಟಕ ಎನ್ನುತ್ತಾರೆ. ಫೋಟೋಕ್ಕೆ ನಾವೂ ನಿಂತಿದ್ದೇವೆ, ಸುಳ್ಳಲ್ಲ. ಗುಲಾಬಿ ತೆಗೆದುಕೊಂಡು ಯಾರೂ ವ್ಯಾಪಾರ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಆದರೆ ಇನ್ನೊಂದನ್ನು ಕಂಡಿದ್ದೇನೆ. ಯೂನಿಫಾರ್ಮಿನಲ್ಲಿ ಎದುರು ನಿಂತು ಹೂ ಕೊಟ್ಟ ಹುಡುಗನ ಮುಖ ಅಂಗಡಿಯವನಿಗೆ ನೆನಪಿರುತ್ತದೆ. ಆ ಹುಡುಗ ನಾಳೆ ಅಲ್ಲಿಗೆ ಹೋಗಿ "ಒಂದು ಕೊಡಿ" ಎನ್ನಲಾರ. ಅಂಗಡಿಯವನೂ "ಇಂಥವರ ಮಗ" ಎಂದು ಗುರುತು ಹಿಡಿಯುತ್ತಾನೆ. ಹಳ್ಳಿಯಲ್ಲಿ ನಾಚಿಕೆಗೆ ಪೊಲೀಸರಿಗಿಂತ ಹೆಚ್ಚು ಕೈಗಳಿವೆ. ಹೂವಿನ ಖರ್ಚು ಎಷ್ಟು ಮಹಾ?

ವೇಪ್ ವಿಷಯದಲ್ಲಿ ಮಾತ್ರ ಈ ಯಾವುದೂ ನಡೆಯುವುದಿಲ್ಲ. ಅಲ್ಲಿ ಅಂಗಡಿಯೇ ಇಲ್ಲ. 2019ರ ಇ-ಸಿಗರೇಟು ನಿಷೇಧ ಕಾಯ್ದೆ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವನ್ನೂ ತಡೆದಿದೆ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಹಾಗಾಗಿ ವ್ಯಾಪಾರ ಮೊಬೈಲಿನೊಳಗೆ ಹೋಗಿದೆ. ಇನ್‌ಸ್ಟಾಗ್ರಾಮಿನಲ್ಲಿ ಒಂದು ಚಿತ್ರ, ವಾಟ್ಸಾಪಿನಲ್ಲಿ ಒಂದು ಸಂದೇಶ, ಯಾರೋ ಬೈಕಿನಲ್ಲಿ ತಂದುಕೊಡುತ್ತಾರೆ. ನಮ್ಮ ಊರಿಗೆ ಇನ್ನೊಂದು ದಾರಿಯೂ ಇದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಗಲ್ಫಿನಲ್ಲಿರುವ ಒಬ್ಬರು ಇರುತ್ತಾರೆ. ಯುಎಇಯಲ್ಲಿ 2019ರಿಂದ ಇದರ ಮಾರಾಟಕ್ಕೆ ಅನುಮತಿ ಇದೆ. ಅಲ್ಲಿಂದ ಬರುವ ಬ್ಯಾಗಿನಲ್ಲಿ ಚಾಕಲೇಟು, ಅತ್ತರಿನ ಜೊತೆ ಇದೂ ಬಂದರೆ ಮನೆಯವರಿಗೆ ಅದು ಅಪರಾಧ ಅನ್ನಿಸುವುದೇ ಇಲ್ಲ. "ನಮ್ಮ ಅಣ್ಣ ತಂದದ್ದು ಟೀಚರ್, ಅದು ಸಿಗರೇಟ್ ಅಲ್ಲ, ಫ್ಲೇವರ್ ಮಾತ್ರ" ಎಂದು ಹೇಳಿದ ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೆಯೇ ಗೊತ್ತಿತ್ತು.

ವಿಜ್ಞಾನ ಟೀಚರಾಗಿ ನನಗೆ ಕಷ್ಟವಾಗುವುದು ಇಲ್ಲಿಯೇ. ಬೀಡಿ ಸಿಗರೇಟಿಗೆ ವಾಸನೆ ಉಂಟು, ಬೂದಿ ಉಂಟು, ಬೆರಳಿಗೆ ಹಳದಿ ಬಣ್ಣ ಹಿಡಿಯುತ್ತದೆ. ವೇಪಿಗೆ ಮಾವಿನ ಹಣ್ಣಿನ, ಪುದಿನದ ಪರಿಮಳ. ಹೈಲೈಟರ್ ಪೆನ್ನಿನ ಆಕಾರ. ಶೌಚಾಲಯದಿಂದ ಹೊರಬಂದ ಹುಡುಗ ಬಬಲ್‌ಗಮ್ ಜಗಿದಂತೆ ಪರಿಮಳಿಸಿದರೆ ಯಾವ ಶಿಕ್ಷಕರು ಅನುಮಾನಪಡುತ್ತಾರೆ? ಒಳಗಿರುವುದು ನಿಕೋಟಿನ್. ಅದರಲ್ಲೂ ನಿಕೋಟಿನ್ ಉಪ್ಪಿನ ರೂಪದಲ್ಲಿ ಇದ್ದರೆ ಗಂಟಲಿಗೆ ಘಾಟಾಗುವುದಿಲ್ಲ, ಹಾಗಾಗಿ ಹೊಸಬ ಮಕ್ಕಳು ಕೆಮ್ಮದೆ ಹೆಚ್ಚು ಎಳೆಯುತ್ತಾರೆ. ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುವ ಮೆದುಳಿಗೆ ನಿಕೋಟಿನ್ ಬಿದ್ದರೆ ಚಟ ಬೇಗ ಅಂಟುತ್ತದೆ, ಗಮನ ಕೆಡುತ್ತದೆ.

ವೇಪ್ ಸಿಗರೇಟಿಗಿಂತ ವಾಸಿ, ನಿಷೇಧದಿಂದ ಕಳ್ಳ ವ್ಯಾಪಾರ ಬೆಳೆಯಿತು ಎಂದು ವಾದಿಸುವವರಿದ್ದಾರೆ. ನಲವತ್ತು ವರ್ಷ ಸೇದಿದವರಿಗೆ ಆ ವಾದ ಹೊಂದಬಹುದೇನೋ, ಅದನ್ನು ವೈದ್ಯರು ಚರ್ಚಿಸಲಿ. ಒಮ್ಮೆಯೂ ಸೇದದ ಹದಿಮೂರರ ಮಗುವಿಗೆ ಅದು ಯಾವುದಕ್ಕಿಂತ ವಾಸಿ? ಮಾರಾಟಕ್ಕೆ ಅವಕಾಶ ಕೊಟ್ಟಿದ್ದ ಬ್ರಿಟನ್ ಕೂಡ ಪರಿಸರದ ಜೊತೆಗೆ ಮಕ್ಕಳ ಕಾರಣಕ್ಕೂ 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪುಗಳನ್ನು ನಿಷೇಧಿಸಿತು.

ಇಲ್ಲಿಯವರೆಗೆ ಬರೆದದ್ದನ್ನು ಯಾವ ಜಿಲ್ಲೆಯ ಶಿಕ್ಷಕಿಯೂ ಬರೆಯಬಹುದಿತ್ತು. ನಮ್ಮ ಜಿಲ್ಲೆಯ ವಿಷಯ ಬೇರೆ. ಇದು ಬೀಡಿಯ ಜಿಲ್ಲೆ.

ನಾನು ಓದಿದ್ದು ಬೀಡಿಯ ದುಡ್ಡಿನಲ್ಲಿ. ಅಮ್ಮ ಜಗಲಿಯಲ್ಲಿ ಕೂತು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಒಂದೊಂದಾಗಿ ತೆಗೆದು ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ನೂಲು ಸುತ್ತುತ್ತಿದ್ದರು. ತುದಿ ಮಡಚುವ ಕೆಲಸ ನಮ್ಮದು. ಶಾಲೆಯಿಂದ ಬಂದು ಚಾ ಕುಡಿದು ತಂಗಿಯೂ ನಾನೂ ಆ ಕೆಲಸಕ್ಕೆ ಕೂರುತ್ತಿದ್ದೆವು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಬೀಡಿ ಪರೀಕ್ಷಿಸುವ ಚೆಕ್ಕರ್ ಒಂದಿಷ್ಟನ್ನು ಸರಿಯಿಲ್ಲವೆಂದು ಪಕ್ಕಕ್ಕೆ ಹಾಕಿದರೆ ಅಮ್ಮನ ಮುಖ ಆ ವಾರವಿಡೀ ಸಪ್ಪಗಿರುತ್ತಿತ್ತು. ಬೀಡಿ ತಯಾರಿಕೆ 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧಿತ ಕೆಲಸಗಳ ಪಟ್ಟಿಯಲ್ಲಿತ್ತು ಎಂದು ನಾನು ತಿಳಿದದ್ದು ಬಿ.ಎಡ್. ಓದುವಾಗ. ಮನೆಯವರೊಂದಿಗೆ ಮಾಡುವ ಕೆಲಸಕ್ಕೆ ಆ ಕಾಯ್ದೆಯಲ್ಲಿ ವಿನಾಯಿತಿಯೂ ಇತ್ತು. ಬೀಡಿ ಕಟ್ಟುವುದು ಮನೆಯಲ್ಲಿಯೇ ತಾನೇ? ಹಾಗಾಗಿ ಪಟ್ಟಿ ಪಟ್ಟಿಯಾಗಿಯೇ ಉಳಿಯಿತು.

ಈ ಜಿಲ್ಲೆಯ ಸಾವಿರಾರು ಹೆಂಗಸರಿಗೆ ಸ್ವಂತ ದುಡ್ಡು, ಪಿಎಫ್, ಒಂದಿಷ್ಟು ಪಿಂಚಣಿ ಎಂದು ಸಿಕ್ಕಿದ್ದು ಬೀಡಿಯಿಂದ. ಬೀಡಿ ಕಾರ್ಮಿಕರ ಮಕ್ಕಳಿಗೆಂದು ಕೊಡುವ ವಿದ್ಯಾರ್ಥಿವೇತನದಿಂದ ಎಷ್ಟೋ ಮಕ್ಕಳು ಕಾಲೇಜು ಕಂಡರು. ತಂಬಾಕು ನಿಯಂತ್ರಣ ಎಂದೊಡನೆ ಇವರೆಲ್ಲ ಹೆದರುವುದು ಸಹಜ. ಕೆಲಸದ ದಿನಗಳು ಕಡಿಮೆಯಾಗಿವೆ, ಎಲೆ ಸಿಗುವುದಿಲ್ಲ ಎಂಬ ದೂರು ಊರೂರಲ್ಲಿ ಇದೆ. ಆದರೆ ಅಮ್ಮನ ಕೂಲಿಯನ್ನು ತೋರಿಸಿ ಮಗುವಿಗೆ ಮಾರುವುದನ್ನು ಸಮರ್ಥಿಸುವವರನ್ನು ನಾನು ಒಪ್ಪಲಾರೆ. ನಮ್ಮ ಅಮ್ಮ ಜೀವಮಾನವಿಡೀ ಬೀಡಿ ಕಟ್ಟಿದರು, ಮಕ್ಕಳು ಒಂದನ್ನು ಬಾಯಿಗಿಟ್ಟರೆ ಸೌದೆ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ಮೇಲಿನ ತೆರಿಗೆಯನ್ನು ಶೇ 28ರಿಂದ 18ಕ್ಕೆ, ಬೀಡಿ ಎಲೆಯ ತೆರಿಗೆಯನ್ನು ಶೇ 18ರಿಂದ 5ಕ್ಕೆ ಇಳಿಸಲು ತೀರ್ಮಾನಿಸಿತು. ಕಾರ್ಮಿಕರಿಗೆ ಅನುಕೂಲ ಎಂದರು. ಅದು ಕೂಲಿಗೆ ಬಂದು ಸೇರಿತೇ ಎಂಬುದನ್ನು ಬ್ರಾಂಚಿನ ಮುಂದೆ ಸಾಲು ನಿಂತ ಹೆಂಗಸರನ್ನೇ ಕೇಳಬೇಕು. ಬೀಡಿ ಅಗ್ಗವಾದರೆ ಮೊದಲು ಅನುಕೂಲವಾಗುವುದು ಜೇಬಿನಲ್ಲಿ ಚಿಲ್ಲರೆ ಮಾತ್ರ ಇರುವವನಿಗೆ. ಕಾರ್ಮಿಕರಿಗೆ ನೆರವಾಗಬೇಕಾದರೆ ಹೆಂಗಸರ ಸಂಜೀವಿನಿ ಸ್ವಸಹಾಯ ಸಂಘಗಳ ಮೂಲಕ ಬೇರೆ ಕೆಲಸ ಕಲಿಸಿ, ಮಾರುಕಟ್ಟೆ ತೋರಿಸಿ, ಬದಲಾಗುವ ಆ ಒಂದೆರಡು ವರ್ಷ ಕೈ ಹಿಡಿಯಿರಿ. ಅದೂ ತಂಬಾಕು ನಿಯಂತ್ರಣದ ಕೆಲಸವೇ, ಬೇರೆ ಇಲಾಖೆಯದ್ದು ಎಂದು ಬಿಡಬೇಡಿ.

ಅಡಿಕೆಯ ಬಗ್ಗೆ ಈ ಜಿಲ್ಲೆಯಲ್ಲಿ ಬಾಯಿ ತೆರೆದರೆ ಜಗಳ. ಆದರೂ ಒಂದು ವಾಕ್ಯ. ಕೋಲ, ಮದುವೆಗಳ ಹರಿವಾಣದ ವೀಳ್ಯ ಬೇರೆ, ಗುಟ್ಕಾ ನಿಷೇಧವನ್ನು ದಾಟಲು ಪಾನ್ ಮಸಾಲಾ ಒಂದು ಸ್ಯಾಶೆಯಲ್ಲಿ, ತಂಬಾಕು ಇನ್ನೊಂದು ಸ್ಯಾಶೆಯಲ್ಲಿ ಜೋಡಿಯಾಗಿ ತೂಗುಹಾಕಿ ಮಕ್ಕಳಿಗೆ ಮಾರುವುದು ಬೇರೆ. ಎರಡನೆಯದನ್ನು ತಡೆದರೆ ನಮ್ಮ ಬೆಳೆಗಾರರ ಮರ್ಯಾದೆಗೇನೂ ಕುಂದಿಲ್ಲ.

ಇನ್ನು ಕಾರ್ಯಕ್ರಮ ನಡೆಸುವ ರೀತಿಯ ಬಗ್ಗೆ. ಮೇ 31 ವಿಶ್ವ ತಂಬಾಕು ರಹಿತ ದಿನ. ನಮ್ಮಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ, ಪ್ರಾರಂಭೋತ್ಸವದ ಗಡಿಬಿಡಿಯ ದಿನಗಳು ಅವು. ಅರ್ಧ ಮಕ್ಕಳು ಬಂದಿರುವುದಿಲ್ಲ, ಬಂದವರ ಗಮನ ಹೊಸ ಪುಸ್ತಕದ ಮೇಲೆ. ಭಾಷಣ ಮುಗಿಯುತ್ತದೆ, ವರದಿ ಹೋಗುತ್ತದೆ. ಅದೇ ಹುಮ್ಮಸ್ಸಿನಲ್ಲಿ ಶಾಲೆಯ ಸುತ್ತ, ನೂರು ಗಜದೊಳಗೆ ತಂಬಾಕು ಮಾರಬಾರದೆಂದು ತೋರಿಸುವ ಹಳದಿ ಗೆರೆಯನ್ನೂ ಎಳೆಯುತ್ತಾರೆ. ಕೋಟ್ಪಾ ನಿಯಮದ ಪ್ರಕಾರ ಈ ನೂರು ಗಜವನ್ನು ಅಳೆಯಬೇಕಾದದ್ದು ಗೇಟಿನಿಂದಲ್ಲ, ಆವರಣ ಗೋಡೆಯ ಹೊರಅಂಚಿನಿಂದ ಎಲ್ಲ ದಿಕ್ಕಿಗೆ. ಹಾಗೆ ಸರಿಯಾಗಿ ಅಳೆದು ಎಳೆದ ಗೆರೆಯೂ ನಮ್ಮ ಮಳೆಗಾಲದ ಮುಂದೆ ಎಷ್ಟು ದಿನ? ಸೋಣ ತಿಂಗಳಿಗೆ (ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ) ಬಣ್ಣವೂ ಇಲ್ಲ, ರಸ್ತೆಯೇ ಎದ್ದುಹೋಗಿರುತ್ತದೆ. ಬೆಂಗಳೂರಿನಲ್ಲಿ ಕೂತು ಬರೆದ ಸುತ್ತೋಲೆಗೆ ಕರಾವಳಿಯ ಮಳೆ ಗೊತ್ತಿಲ್ಲ, ತಮಗೆ ಗೊತ್ತಿದೆ. ಗೆರೆ ಎಳೆಯುವ ಕೆಲಸವನ್ನು ದಸರಾ ರಜೆಯ ನಂತರ ಇಟ್ಟರೆ ಅದು ಮುಂದಿನ ಮೇವರೆಗೆ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೆರೆಯ ಜಾಗದಲ್ಲಿ ಕಂಬಕ್ಕೊಂದು ತಗಡಿನ ಫಲಕ ಸಾಕು.

ತಂಬಾಕು ಮಾರಲು ಸ್ಥಳೀಯ ಸಂಸ್ಥೆಯಿಂದ ಪ್ರತ್ಯೇಕ ಪರವಾನಗಿ ಇರಬೇಕು, ಅಂಥ ಅಂಗಡಿಯಲ್ಲಿ ಚಾಕಲೇಟು, ಬಿಸ್ಕತ್ತು, ಚಿಪ್ಸ್ ಮಾರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಸಲಹೆ ಕೊಟ್ಟಿದೆ. ಎಲ್ಲ ಗೂಡಂಗಡಿಗಳಲ್ಲೂ ಇದನ್ನು ಒಂದೇ ದಿನ ಜಾರಿಗೆ ತಂದರೆ ಕೂಗೆದ್ದೀತು. ಶಾಲೆ ಮತ್ತು ಪಿಯು ಕಾಲೇಜುಗಳಿಗೆ ಹೋಗುವ ದಾರಿಯ ಅಂಗಡಿಗಳಿಂದ ಶುರುಮಾಡಿ. ದಾಳಿ ಮಾಡುವವರು ಬೆಳಿಗ್ಗೆ ಹನ್ನೊಂದಕ್ಕೆ ಬರುವುದನ್ನು ಬಿಟ್ಟು ಸಂಜೆ ನಾಲ್ಕರಿಂದ ಏಳರ ನಡುವೆ ಬರಲಿ, ಟ್ಯೂಷನ್ ಸೆಂಟರುಗಳ ಓಣಿಗಳಿಗೂ ಬರಲಿ. ಪೊಲೀಸರಿಗೋ ಕಸ್ಟಮ್ಸ್‌ನವರಿಗೋ ಸಿಕ್ಕಿಬಿದ್ದ ವೇಪುಗಳ ಫೋಟೋಗಳನ್ನು ಶಾಲೆಗಳಿಗೆ ಕಳಿಸಿದರೆ ಎಂಥದ್ದನ್ನು ಹುಡುಕಬೇಕೆಂದು ನಮಗೆ ತಿಳಿದೀತು. ಈಗ ನಮಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತು.

ಸಿಕ್ಕಿಬಿದ್ದ ಮಗುವನ್ನು ಏನು ಮಾಡಬೇಕೆಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇ-ಸಿಗರೇಟು ಕಾಯ್ದೆ ಹಿಡಿಯುವುದು ತಯಾರಿಸುವವರನ್ನು, ಮಾರುವವರನ್ನು, ದಾಸ್ತಾನು ಇಡುವವರನ್ನು. ಎಳೆದವರನ್ನಲ್ಲ. ಆದರೆ ಕೆಲವು ಶಾಲೆಗಳು ಟಿಸಿ ಕೊಟ್ಟು ಕೈ ತೊಳೆದುಕೊಳ್ಳುತ್ತವೆ, ಮಾರಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಜಿಲ್ಲಾ ತಂಬಾಕು ನಿಯಂತ್ರಣ ಘಟಕಕ್ಕೆ ಸಲಹೆಗಾರರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಇರಬೇಕೆಂದು ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಹೇಳಿದೆ, ಜಿಲ್ಲಾ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಕೇಂದ್ರಕ್ಕೂ ಅವಕಾಶವಿದೆ. ಆ ಹುದ್ದೆಗಳು ಗುತ್ತಿಗೆಯವು. ಉಳಿತಾಯದ ಮಾತು ಬಂದಾಗ ಮೊದಲು ಕತ್ತರಿ ಬೀಳುವುದು ಅಂಥವಕ್ಕೇ. ದಯವಿಟ್ಟು ಅವುಗಳನ್ನು ಖಾಲಿ ಬಿಡಬೇಡಿ. ಹದಿನಾಲ್ಕರ ಹುಡುಗನೊಬ್ಬ ನಮ್ಮ ಜಿಲ್ಲಾ ಆಸ್ಪತ್ರೆಯಾದ ವೆನ್‌ಲಾಕಿಗೆ ತಾನಾಗಿ ಹೋಗಿ "ನನಗೆ ಬಿಡಲಿಕ್ಕೆ ಆಗುವುದಿಲ್ಲ" ಎನ್ನುವುದಿಲ್ಲ. ಆ ಮನಶ್ಶಾಸ್ತ್ರಜ್ಞರೇ ತಿಂಗಳಿಗೊಮ್ಮೆ ಪ್ರತಿ ಹೋಬಳಿಯ ಒಂದು ಪ್ರೌಢಶಾಲೆಗೆ ಬರುವಂತಾಗಲಿ. ತಂಬಾಕು ಬಿಡಲು ಫೋನಿನಲ್ಲಿ ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನಿನ ಉಚಿತ ಸಂಖ್ಯೆ 1800-11-2356 ಮಕ್ಕಳ ಡೈರಿಯ ಹಿಂಬದಿಯಲ್ಲಿ ಅಚ್ಚಾಗಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ನಮ್ಮ ಭಾಷೆಯಲ್ಲೇ ಮಾತಾಡುತ್ತಾರೆ.

ಕೊನೆಗೊಂದು ಬೇಡಿಕೆ. ಸಮನ್ವಯ ಸಮಿತಿಯ ಪ್ರತಿ ಸಭೆಯ ನಡಾವಳಿಯನ್ನು ಜಿಲ್ಲೆಯ ವೆಬ್‌ಸೈಟಿನಲ್ಲಿ ಹಾಕಿಸಿ. ಎಷ್ಟು ಅಂಗಡಿಗೆ ದಂಡ ಬಿತ್ತು ಎಂಬುದರ ಜೊತೆಗೆ ಎಷ್ಟು ಮಕ್ಕಳಿಗೆ ಆಪ್ತಸಮಾಲೋಚನೆ ಸಿಕ್ಕಿತು, ಘಟಕದ ಯಾವ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ ಎಂಬುದೂ ಅದರಲ್ಲಿರಲಿ. ಈ ಕಾರ್ಯಕ್ರಮ ಬೇಡ ಎನ್ನುವವರೂ ಓದಲಿ, ನಾವೂ ಓದುತ್ತೇವೆ.

ಇತಿ,
ಸರ್ಕಾರಿ ಪ್ರೌಢಶಾಲೆಯೊಂದರ ಸಹಶಿಕ್ಷಕಿ,
ಮಂಗಳೂರು ತಾಲೂಕು